ಸಂಬಳ, ಸಂಘ, ಗ್ಯಾರಂಟಿ: ಖಜಾನೆ ಬಿಗಿಯಾದರೆ ಕತ್ತರಿ ಯಾರ ಮೇಲೆ?

ಹದಡಿ ರಸ್ತೆ (ಚರ್ಚೆ ಆರಂಭಿಸಿದವರು)

ದಾವಣಗೆರೆಯ ಜಯದೇವ ವೃತ್ತದಲ್ಲಿ ಶಾಮಿಯಾನ ಇಳಿಸುವಷ್ಟರಲ್ಲಿ ಇನ್ನೊಬ್ಬರ ಶಾಮಿಯಾನ ಏಳುತ್ತದೆ. ಆಶಾ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು, ಹಳೆ ಪಿಂಚಣಿ ಕೇಳುವವರು, ಸಾರಿಗೆ ನೌಕರರು. ಅತ್ತ ಟಿವಿ ಹಾಕಿದರೆ ‘ಗ್ಯಾರಂಟಿಗೆ ಹಣ ಸುರಿದು ನೌಕರರಿಗೆ ಕೈ ಎತ್ತಿದರು’ ಎಂದು ಒಬ್ಬರು, ‘ನೌಕರರ ಸಂಬಳಕ್ಕೇ ಬೊಕ್ಕಸ ಬರಿದಾಗುವಾಗ ಬಡವರಿಗೆ ಕೊಟ್ಟ ಎರಡು ಸಾವಿರವೇ ಕಣ್ಣಿಗೆ ಚುಚ್ಚುತ್ತದೆಯೇ’ ಎಂದು ಇನ್ನೊಬ್ಬರು.

2025–26ರ ರಾಜ್ಯ ಬಜೆಟ್‌ನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 51 ಸಾವಿರ ಕೋಟಿ. ಏಳನೇ ವೇತನ ಆಯೋಗದ ಶಿಫಾರಸು ಜಾರಿಯಿಂದ ವರ್ಷಕ್ಕೆ ಬೀಳುವ ಹೆಚ್ಚುವರಿ ಹೊರೆ 20,208 ಕೋಟಿ ಎಂದು ಸರ್ಕಾರವೇ ಹೇಳಿದೆ. ಎಲ್ಲೋ ಒಂದು ಕಡೆ ಖರ್ಚು ಇಳಿಸಲೇಬೇಕು ಎಂದಾದರೆ ಸಂಘಟಿತ ನೌಕರರ ಸಂಬಳ, ಪಿಂಚಣಿಯನ್ನು ಮುಟ್ಟಬೇಕೇ, ಬೇಡವೇ? ಒಂದು ಸಂಘಕ್ಕೆ ಸರ್ಕಾರವನ್ನು ಬಗ್ಗಿಸುವಷ್ಟು ಬಲ ಇರುವುದು ಒಳ್ಳೆಯದೇ? ಪಕ್ಷದ ಬಾವುಟ ಕೆಳಗಿಟ್ಟು ಮಾತನಾಡೋಣ.

ಮಂಡಿಪೇಟೆ ಅಂಗಡಿ

ಮುಟ್ಟಲೇಬೇಕು. ನಾನು ಜಿಎಸ್‌ಟಿ ರಿಟರ್ನ್ ತಡ ಮಾಡಿದರೆ ದಿನಕ್ಕೆ ಐವತ್ತು ರೂಪಾಯಿ ದಂಡ. ನನ್ನ ಅರ್ಜಿ ಕಚೇರಿಯಲ್ಲಿ ಆರು ತಿಂಗಳು ಮಲಗಿದರೆ ಯಾರ ಜೇಬಿನಿಂದ ಎಷ್ಟು ಹೋಗುತ್ತದೆ? ನನ್ನ ಅಂಗಡಿಯ ಹುಡುಗನಿಗೆ ಪಿಂಚಣಿ ಇಲ್ಲ, ನನಗೂ ಇಲ್ಲ. ನಾವಿಬ್ಬರೂ ತೆರಿಗೆ ಕಟ್ಟಿ ಇನ್ನೊಬ್ಬರ ಪಿಂಚಣಿ ಸಾಕಬೇಕು.

2023ರ ಮಾರ್ಚ್ 1 ನೆನಪಿದೆಯಲ್ಲ? ಬೆಳಿಗ್ಗೆ ರಾಜ್ಯದಾದ್ಯಂತ ಕಚೇರಿಗಳು ಖಾಲಿ, ಆಸ್ಪತ್ರೆಗಳ ಹೊರರೋಗಿ ವಿಭಾಗ ಬಂದ್. ಅದೇ ದಿನ ಸರ್ಕಾರ ಮೂಲವೇತನದ ಮೇಲೆ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರ ಮುಗಿಯಿತು. ವಿಧಾನಸಭಾ ಚುನಾವಣೆಗೆ ಎರಡೇ ತಿಂಗಳು ಇತ್ತು. ಮಂಡಿಯ ಹಮಾಲರು ಕೂಲಿ ಏರಿಸಿ ಎಂದು ಕೂತರೆ ಒಂದು ದಿನದಲ್ಲಿ ಯಾರಾದರೂ ಕೊಡುತ್ತಾರೆಯೇ?

ದ್ವಿತೀಯ ದರ್ಜೆ ಸಹಾಯಕ

ಸಾಹುಕಾರರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕಾಯ್ದೆಯಲ್ಲೇ ಇದೆ. 2011ರ ಸಕಾಲ ಕಾಯ್ದೆಯ ಪ್ರಕಾರ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಅರ್ಜಿದಾರನಿಗೆ ಸಿಗಬೇಕು, ಅದು ತಡ ಮಾಡಿದ ನೌಕರನ ಸಂಬಳದಿಂದಲೇ ಕಡಿತವಾಗಬೇಕು. ಕೇಳಿದವರನ್ನು ನಾನಂತೂ ಕಂಡಿಲ್ಲ. ನೀವೇ ಮೊದಲಿಗರಾಗಿ.

ಪಿಂಚಣಿಯ ಮಾತಿಗೆ ಬರುತ್ತೇನೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆಯ ಖಚಿತ ಪಿಂಚಣಿ ಇಲ್ಲ, ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಮಾತ್ರ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ಶೇ 10 ನನ್ನ ಸಂಬಳದಿಂದ ಪ್ರತಿ ತಿಂಗಳು ಕಡಿತ, ಸರ್ಕಾರದ್ದು ಶೇ 14. ನಿವೃತ್ತಿಯ ದಿನ ಷೇರುಪೇಟೆ ಹೇಗಿರುತ್ತದೋ ಹಾಗೆ ನನ್ನ ಮುಪ್ಪು. ಒಂದೇ ಕೊಠಡಿಯಲ್ಲಿ ನನ್ನ ಪಕ್ಕದ ಮೇಜಿನವರು 2005ರಲ್ಲಿ ಸೇರಿದವರು, ಅವರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ, ಜೊತೆಗೆ ತುಟ್ಟಿಭತ್ಯೆ. ಕೆಲಸ ಒಂದೇ, ಮೊಹರು ಒಂದೇ. 2006ಕ್ಕಿಂತ ಮೊದಲು ನೇಮಕಾತಿ ಅಧಿಸೂಚನೆಯಾಗಿ ಆಮೇಲೆ ಸೇರಿದ ಸುಮಾರು 13 ಸಾವಿರ ಮಂದಿಯನ್ನು 2024ರ ಜನವರಿಯಲ್ಲಿ ಹಳೆ ಪಿಂಚಣಿಗೆ ಸೇರಿಸಿದರು. ಉಳಿದವರದ್ದು ‘ಪರಿಶೀಲನೆಯಲ್ಲಿದೆ’.

ಆದ್ದರಿಂದ ನೌಕರರ ಮೇಲೆ ಕತ್ತರಿ ಬಿದ್ದೇ ಇಲ್ಲ ಎನ್ನಬೇಡಿ. ಇಪ್ಪತ್ತು ವರ್ಷದ ಹಿಂದೆಯೇ ಬಿದ್ದಿದೆ. ಆಗ ಕೆಲಸದಲ್ಲಿದ್ದವರ ಮೇಲೆ ಬೀಳಲಿಲ್ಲ, ಮುಂದೆ ಸೇರಲಿರುವವರ ಮೇಲೆ ಬಿತ್ತು.

ನಿವೃತ್ತ ಖಜಾನೆ

ಈ ಕೊನೆಯ ಮಾತನ್ನು ಎಲ್ಲರೂ ಇನ್ನೊಮ್ಮೆ ಓದಿ. ಸೇವೆಯಲ್ಲಿ ಇರುವವನಿಗೆ ಸಂಘ ಇದೆ, ಮತ ಇದೆ, ವೃತ್ತದಲ್ಲಿ ಮೈಕ್ ಇದೆ. ಇನ್ನೂ ಸೇರದವನಿಗೆ ಏನೂ ಇಲ್ಲ. ಆರ್ಥಿಕ ಇಲಾಖೆ ಕೈ ಹಾಕುವುದು ಯಾವಾಗಲೂ ಅಂಥ ಕಡೆಗೇ.

ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಬಳ, ಪಿಂಚಣಿ, ಸಾಲದ ಬಡ್ಡಿ, ಇವು ಬದ್ಧ ವೆಚ್ಚ. ತಿಂಗಳಾದರೆ ಬಿಲ್ಲು ಬಂದೇ ಬರುತ್ತದೆ, ಯಾವ ಮುಖ್ಯಮಂತ್ರಿಯೂ ತಡೆಯಲಾರ. ಇನ್ನೊಂದು ಕಡೆ ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು, ದೇಶದಲ್ಲಿ ಮೊದಲು ಮಾಡಿದ ರಾಜ್ಯ ನಮ್ಮದೇ. ವಿತ್ತೀಯ ಕೊರತೆ, ಅಂದರೆ ವರ್ಷದ ಖರ್ಚಿಗೆ ಸಾಲ ಮಾಡಿ ತುಂಬಬೇಕಾದ ಭಾಗ, ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಸಾಲ ಶೇ 25 ದಾಟಬಾರದು. 2025–26ರ ಬಜೆಟ್‌ನ ಅಂದಾಜು ನೋಡಿ: ಕೊರತೆ ಶೇ 2.95, ಸಾಲ ಶೇ 24.91. ಗೋಡೆಗೆ ಬೆನ್ನು ತಾಗಿದೆ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ. ಅದೇ ವರ್ಷದ ರಾಜಸ್ವ ಕೊರತೆಯ ಅಂದಾಜು 19 ಸಾವಿರ ಕೋಟಿ ರೂಪಾಯಿ ಮೀರಿದೆ. ಅಂದರೆ ದಿನನಿತ್ಯದ ಖರ್ಚಿಗೂ ಒಂದಿಷ್ಟು ಸಾಲ.

ಸಂಬಳ ಇಳಿಸಲಾಗದು, ಬಡ್ಡಿ ನಿಲ್ಲಿಸಲಾಗದು, ಗ್ಯಾರಂಟಿ ಮುಟ್ಟಿದರೆ ಮತ ಹೋಗುತ್ತದೆ. ಉಳಿದ ದಾರಿ ಎರಡು. ಗುತ್ತಿಗೆದಾರರ ಬಿಲ್ಲು ತಡೆಹಿಡಿಯುವುದು, ಹುದ್ದೆ ತುಂಬದೆ ಬಿಡುವುದು. ರಾಜ್ಯದಲ್ಲಿ ಮಂಜೂರಾದ ಹುದ್ದೆಗಳು ಸುಮಾರು 7.7 ಲಕ್ಷ, ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಮೂರರಲ್ಲಿ ಒಂದು ಕುರ್ಚಿ ಖಾಲಿ ಎನ್ನಿ. ಇದಕ್ಕಿಂತ ದೊಡ್ಡ ವೆಚ್ಚ ಕಡಿತ ಯಾವ ಬಜೆಟ್ ಭಾಷಣದಲ್ಲೂ ಇಲ್ಲ. ಭಾಷಣದಲ್ಲಿ ಇಲ್ಲದ ಕಾರಣ ಇದರ ವಿರುದ್ಧ ಮುಷ್ಕರವೂ ಇಲ್ಲ.

ಜಗಳೂರು ರೈತ

ಮೂರರಲ್ಲಿ ಒಂದು ಖಾಲಿ ಎಂದರೆ ನಮ್ಮ ತಾಲ್ಲೂಕಿನಲ್ಲಿ ಹೀಗೆ: ಒಬ್ಬ ಗ್ರಾಮ ಆಡಳಿತ ಅಧಿಕಾರಿಗೆ ಇನ್ನೊಂದು ವೃತ್ತದ ಪ್ರಭಾರ. ಇಂದು ಇಲ್ಲಿ ಎಂದರೆ ಅಲ್ಲಿರುತ್ತಾರೆ, ಅಲ್ಲಿಗೆ ಹೋದರೆ ತಹಶೀಲ್ದಾರರ ಸಭೆಯಲ್ಲಿರುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಅವರೇ ಮುಷ್ಕರ ಕೂತರು, 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಬೆಳೆ ಸಮೀಕ್ಷೆಗೊಂದು ಆ್ಯಪ್, ಆಧಾರ್ ಜೋಡಣೆಗೊಂದು ಆ್ಯಪ್, ಕೂರಲು ಕೊಠಡಿಯಿಲ್ಲ ಎಂಬುದು ಅವರ ದೂರು. ದೂರು ನ್ಯಾಯವೇ. ಆದರೆ ಆ ದಿನಗಳಲ್ಲಿ ನನ್ನ ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ನಿಂತಿತು. ಮುಷ್ಕರದಿಂದ ಬೆಂಗಳೂರಿಗೆ ಬಿಸಿ ತಟ್ಟುವ ಮೊದಲು ನಮಗೆ ತಟ್ಟುತ್ತದೆ. ಇದನ್ನೂ ಬರೆದುಕೊಳ್ಳಿ.

ಮಂಡಿಪೇಟೆ ಅಂಗಡಿ

ಜಗಳೂರಿನವರೇ, ನೂರಕ್ಕೆ ನೂರು. ತಮಿಳುನಾಡಿನಲ್ಲಿ ಜಯಲಲಿತಾ ಮಾಡಿದ್ದೇ ಸರಿ.

ನಿವೃತ್ತ ಖಜಾನೆ

ಅದನ್ನು ಪೂರ್ತಿ ಹೇಳಿ ಸಾಹುಕಾರರೇ, ಅರ್ಧಕ್ಕೆ ನಿಲ್ಲಿಸಬೇಡಿ. 2003ರ ಜುಲೈನಲ್ಲಿ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ) ಹಾಕಿ ಸುಮಾರು 1.7 ಲಕ್ಷ ನೌಕರರನ್ನು ಒಂದೇ ಏಟಿಗೆ ವಜಾ ಮಾಡಿದರು. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಾಗಲಿ ಕಾನೂನುಬದ್ಧ ಹಕ್ಕಾಗಲಿ ಇಲ್ಲ, ನೈತಿಕ ಹಕ್ಕೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಹೇಳಿತು. ತೀರ್ಪು ಜಯಲಲಿತಾ ಪರವಾಗಿಯೇ ಬಂತು. ಆದರೆ ವಜಾ ಆದವರಲ್ಲಿ ಬಹುತೇಕರನ್ನು ಮರಳಿ ಕರೆದುಕೊಳ್ಳಬೇಕಾಯಿತು, 2004ರ ಲೋಕಸಭಾ ಚುನಾವಣೆಯಲ್ಲಿ ತಮಿಳುನಾಡಿನ 39 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಸೋಲಿಗೆ ನೌಕರರೊಬ್ಬರೇ ಕಾರಣ ಎನ್ನಲಾರೆ, ಆದರೆ ಆ ಹಾದಿ ಸುಲಭದ್ದಲ್ಲ ಎಂಬುದಂತೂ ತಿಳಿಯಿತು. 2002ರಲ್ಲಿ ಕೇರಳದಲ್ಲಿ ಎ.ಕೆ. ಆಂಟನಿ ಸರ್ಕಾರ ಸವಲತ್ತು ಕಡಿತ ಮಾಡಿದಾಗ ನೌಕರರು, ಶಿಕ್ಷಕರು 32 ದಿನ ಮುಷ್ಕರ ಹೂಡಿದ್ದರು.

ಮ್ಯಾಡಿಸನ್‌ನ ದಾವಣಗೆರೆಯವ

ಆ ಹಾದಿ ಹಿಡಿದು ದಕ್ಕಿಸಿಕೊಂಡವರೂ ಇದ್ದಾರೆ. ನಾನಿರುವ ಊರಿನ ಕಥೆ ಹೇಳುತ್ತೇನೆ, ಚರ್ಚೆಗೆ ಹೊಂದುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್. ಸರ್ಕಾರಿ ನೌಕರರ ಸಂಘಕ್ಕೆ ಸರ್ಕಾರದೊಡನೆ ಕೂತು ಸಂಬಳದ ಕರಾರು ಮಾಡಿಕೊಳ್ಳುವ ಹಕ್ಕನ್ನು ಆ ದೇಶದಲ್ಲಿ ಮೊದಲು ಕಾಯ್ದೆಯಾಗಿ ಕೊಟ್ಟದ್ದು ಈ ರಾಜ್ಯ, 1959ರಲ್ಲಿ. ಅದೇ ಹಕ್ಕನ್ನು 2011ರಲ್ಲಿ ಹೊಸ ಗವರ್ನರ್ (ಅಲ್ಲಿ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಸ್ಕಾಟ್ ವಾಕರ್ ಬಹುಮಟ್ಟಿಗೆ ಕಿತ್ತುಕೊಂಡರು. ಕಾರಣ ಕೊಟ್ಟದ್ದು ಬಜೆಟ್ ಕೊರತೆ. ಪಿಂಚಣಿಗೂ ಆರೋಗ್ಯ ವಿಮೆಗೂ ನೌಕರರು ಹೆಚ್ಚು ಕಟ್ಟಬೇಕು ಎಂದಷ್ಟೇ ಆಗಿದ್ದರೆ ಸಂಘಗಳು ಒಪ್ಪುತ್ತಿದ್ದವು, ಒಪ್ಪುತ್ತೇವೆ ಎಂದು ಬಹಿರಂಗವಾಗಿಯೇ ಹೇಳಿದ್ದವು. ಆದರೆ ಕಾಯ್ದೆಯ ನಿಜವಾದ ಏಟು ಬೇರೆ ಕಡೆ ಇತ್ತು. ಮೂಲವೇತನ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಮಾತುಕತೆ ಇಲ್ಲ, ಅದೂ ಬೆಲೆ ಏರಿಕೆಯ ಪ್ರಮಾಣ ಮೀರಬಾರದು. ಸಂಘದ ಚಂದಾವನ್ನು ಸಂಬಳದಿಂದ ಕಡಿತ ಮಾಡಿ ಕೊಡುವುದು ಬಂದ್. ಪ್ರತಿ ವರ್ಷ ಸಂಘ ತನ್ನ ಮಾನ್ಯತೆಗೆ ಮತದಾನ ನಡೆಸಬೇಕು, ಆ ಘಟಕದ ಎಲ್ಲ ನೌಕರರಲ್ಲಿ ಶೇ 51 ಮಂದಿ ಪರವಾಗಿ ಒತ್ತಬೇಕು. ಮತ ಹಾಕಲು ಬಾರದವರೂ ವಿರೋಧಿಗಳ ಲೆಕ್ಕಕ್ಕೇ. ಈ ನಿಯಮ ಶಾಸಕರಿಗೆ ಇದ್ದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರೋ!

ಪೊಲೀಸರಿಗೂ ಅಗ್ನಿಶಾಮಕ ದಳದವರಿಗೂ ಈ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಅದನ್ನು ಗಮನಿಸಿ.

ಜನ ಶಾಸನಭವನದೊಳಗೇ ಹಾಸಿಗೆ ಹಾಸಿ ವಾರಗಟ್ಟಲೆ ಮಲಗಿದರು. ಪಕ್ಕದ ಬೀದಿಯ ಪಿಜ್ಜಾ ಅಂಗಡಿಗೆ ಬೇರೆ ಬೇರೆ ದೇಶಗಳಿಂದ ಕರೆ ಬರುತ್ತಿತ್ತು, ‘ನನ್ನ ಲೆಕ್ಕದಲ್ಲಿ ಧರಣಿ ಕೂತವರಿಗೆ ಹತ್ತು ಪಿಜ್ಜಾ ಕಳುಹಿಸಿ’ ಎಂದು. ಅಂಗಡಿಯವರು ಆ ದೇಶಗಳ ಹೆಸರನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಕೋರಂ (ಸದನ ನಡೆಯಲು ಬೇಕಾದ ಹಾಜರಾತಿ) ತಪ್ಪಿಸಲು ವಿರೋಧ ಪಕ್ಷದ 14 ಸೆನೆಟರ್‌ಗಳು ಗಡಿ ದಾಟಿ ಇಲಿನಾಯ್‌ಗೆ ಹೋಗಿ ಕೂತರು. ನಮ್ಮಲ್ಲಿ ರೆಸಾರ್ಟಿಗೆ ಹೋಗುವುದು ಸರ್ಕಾರ ಬೀಳಿಸಲು, ಅವರು ಹೋದದ್ದು ಮಸೂದೆ ತಡೆಯಲು. ಹಣಕಾಸಿನ ಮಸೂದೆಗೆ ಮಾತ್ರ ಆ ಕೋರಂ ಬೇಕಿತ್ತು. ಆಡಳಿತ ಪಕ್ಷ ಏನು ಮಾಡಿತು ಗೊತ್ತೇ? ಹಣಕಾಸಿನ ಭಾಗ ತೆಗೆದು, ಸಂಘದ ಹಕ್ಕು ಕಿತ್ತುಕೊಳ್ಳುವ ಭಾಗವನ್ನು ಪ್ರತ್ಯೇಕವಾಗಿ ಪಾಸು ಮಾಡಿತು. ಇದು ಬಜೆಟ್‌ಗಾಗಿ ತಂದ ಕಾಯ್ದೆಯೇ ಅಲ್ಲವೇ ಎಂಬುದಕ್ಕೆ ಉತ್ತರ ಅಲ್ಲಿಯೇ ಸಿಕ್ಕಿತು.

2012ರ ಜೂನ್‌ನಲ್ಲಿ ಗವರ್ನರನ್ನು ಹಿಂದಕ್ಕೆ ಕರೆಸುವ ಮತದಾನ ನಡೆಯಿತು. ವಾಕರ್ ಗೆದ್ದರು. ‘ನನಗೆ ಇಲ್ಲದ ಸವಲತ್ತು ಅವರಿಗೇಕೆ’ ಎಂದು ಕೇಳಿದವರು ಅಲ್ಲಿಯೂ ಬಹಳ ಮಂದಿ ಇದ್ದರು, ಮಂಡಿಪೇಟೆಯವರಂತೆಯೇ. 2024ರ ಡಿಸೆಂಬರ್‌ನಲ್ಲಿ ಒಂದು ಕೆಳ ನ್ಯಾಯಾಲಯ ಆ ಕಾಯ್ದೆಯ ಬಹುಭಾಗವನ್ನು ಅಸಿಂಧು ಎಂದಿತು, ಅದರ ಮೇಲೆ ಮೇಲ್ಮನವಿ ಹೋಯಿತು.

ಕಾಟನ್ ಮಿಲ್ ಮೊಮ್ಮಗ

ನಮ್ಮ ಊರಿನವರಿಗೆ ಇದು ಅಮೆರಿಕದಿಂದ ಕಲಿಯಬೇಕಾದ ಪಾಠವಲ್ಲ. ಇದು ಮಿಲ್ಲುಗಳ ಊರಾಗಿತ್ತು. ಸಿಪಿಐನ ಪಂಪಾಪತಿಯವರನ್ನು ಸತತ ಮೂರು ಬಾರಿ ವಿಧಾನಸಭೆಗೆ ಕಳುಹಿಸಿದ ಊರು. ಮಿಲ್ಲು ಮುಚ್ಚಿದಾಗ ‘ಸಂಘದವರಿಂದಲೇ ಮುಚ್ಚಿತು’ ಎಂದು ಮಂಡಿಯಲ್ಲಿ ಮಾತನಾಡಿಕೊಂಡರು. ಸಂಘವೇ ಇಲ್ಲದ ಮಿಲ್ಲುಗಳೂ ದೇಶದಲ್ಲಿ ಮುಚ್ಚಿದವು, ಅದರ ಬಗ್ಗೆ ಯಾರೂ ಮಾತನಾಡಲಿಲ್ಲ. ಇವತ್ತು ಈ ಊರು ನಡೆಯುತ್ತಿರುವುದು ಕಾಲೇಜು, ಆಸ್ಪತ್ರೆ ಮತ್ತು ಒಂದನೇ ತಾರೀಖಿನ ಸಂಬಳದಿಂದ. ಸಾಹುಕಾರರೇ, ತಿಂಗಳ ಮೊದಲ ವಾರ ನಿಮ್ಮ ಗಲ್ಲಾದಲ್ಲಿ ಬೀಳುವುದು ಯಾರ ಹಣ?

ಮಂಡಿಪೇಟೆ ಅಂಗಡಿ

ಒಪ್ಪಿದೆ, ಅದರಲ್ಲಿ ಅವರ ಹಣವೂ ಇದೆ. ಆದರೆ ಗೃಹಲಕ್ಷ್ಮಿ ಹಣ ಬಿದ್ದ ವಾರವೂ ಗಲ್ಲಾ ತುಂಬುತ್ತದೆ. ಸಕ್ಕರೆ, ಎಣ್ಣೆ, ಮಕ್ಕಳ ಪುಸ್ತಕ. ನೌಕರರ ಹಣದಲ್ಲಿ ಅರ್ಧ ಬೆಂಗಳೂರಿನ ನಿವೇಶನಕ್ಕೆ ಹೋಗುತ್ತದೆ.

ಕಂಡಕ್ಟರ್

ಗ್ಯಾರಂಟಿ, ಸಂಬಳ ಎರಡರ ನಡುವೆ ನಿಂತಿರುವವನು ನಾನು. 2023ರ ಜೂನ್ 11ರಿಂದ ಶಕ್ತಿ ಯೋಜನೆ. ಜಗಳೂರು ಬಸ್ಸಿನಲ್ಲಿ ಸಂತೆಯ ದಿನ ಶೂನ್ಯ ದರದ ಟಿಕೆಟ್ ಹರಿದು ಹರಿದು ಯಂತ್ರದ ಸುರುಳಿ ಅರ್ಧ ದಾರಿಯಲ್ಲೇ ಮುಗಿಯುತ್ತದೆ. ಟಿಕೆಟ್ ಕೊಡದೆ ಬಿಟ್ಟರೆ ತನಿಖೆಯವರು ನನ್ನ ಮೇಲೆ ಮೆಮೊ ಬರೆಯುತ್ತಾರೆ, ಏಕೆಂದರೆ ಆ ಚೀಟಿಯ ಲೆಕ್ಕದ ಮೇಲೆಯೇ ನಿಗಮಕ್ಕೆ ಸರ್ಕಾರ ಹಣ ತುಂಬಿಕೊಡಬೇಕು. ಹೆಂಗಸರು ಓಡಾಡುವುದನ್ನು ನಾನು ಬೇಡ ಎನ್ನುವುದಿಲ್ಲ, ನನ್ನ ಅಕ್ಕನೂ ಅದರಲ್ಲೇ ಕೆಲಸಕ್ಕೆ ಹೋಗುತ್ತಾಳೆ.

ಆದರೆ ಒಂದು ವಿಷಯ. ನಾವು ಸರ್ಕಾರಿ ನೌಕರರಲ್ಲ, ನಿಗಮದ ನೌಕರರು. ವೇತನ ಆಯೋಗ ನಮಗಿಲ್ಲ, ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ. 2020ರ ಜನವರಿಯಿಂದ ಆಗಬೇಕಿದ್ದ ಶೇ 15 ಹೆಚ್ಚಳವನ್ನು 2023ರ ಮಾರ್ಚ್‌ನಿಂದ ಕೊಟ್ಟರು. ನಡುವಿನ 38 ತಿಂಗಳ ಹಿಂಬಾಕಿಗಾಗಿ 2025ರ ಆಗಸ್ಟ್ 5ರಂದು ಮುಷ್ಕರ ಹೂಡಿದೆವು. ಹೈಕೋರ್ಟ್ ತಡೆ ನೀಡಿತು, ಅಂದೇ ಹಿಂತೆಗೆದುಕೊಂಡೆವು. 2021ರ ಏಪ್ರಿಲ್‌ನಲ್ಲಿ ಎರಡು ವಾರ ಬಸ್ಸು ನಿಲ್ಲಿಸಿದಾಗ ವಜಾ, ವರ್ಗಾವಣೆ, ಪೊಲೀಸ್ ಕೇಸು ಎಲ್ಲವನ್ನೂ ನೋಡಿದೆವು. ಅತ್ತ ರಾಜ್ಯ ನೌಕರರಿಗೆ ಒಂದೇ ದಿನಕ್ಕೆ ಶೇ 17. ಎಲ್ಲ ಸಂಘದ ಬಲವೂ ಒಂದೇ ತೂಕದ್ದಲ್ಲ.

ನಿರ್ವಾಹಕರು

ಸಂಘದ ಪದಾಧಿಕಾರಿಗಳ ಜಾತಿ ಎತ್ತಿ ಬರೆದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಮತ್ತೆ ಬರೆದರೆ ಖಾತೆಯೂ ಹೋಗುತ್ತದೆ.

ಡೇಟಾ ಎಂಟ್ರಿ ಅಕ್ಕ

ಇಷ್ಟು ಹೊತ್ತು ಓದುತ್ತಿದ್ದೆ. ಎರಡೂವರೆ ಲಕ್ಷ ಕುರ್ಚಿ ಖಾಲಿ ಎಂದು ಖಜಾನೆ ಸರ್ ಬರೆದಿದ್ದಾರೆ. ಅದರಲ್ಲಿ ಒಂದರ ಮೇಲೆ ನಾನು ಕೂತಿದ್ದೇನೆ. ಜಿಲ್ಲೆಯ ಒಂದು ತಾಲ್ಲೂಕಿನ ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆ ನೌಕರಳು. ಕಡತ ಗಣಕೀಕರಿಸುವುದು, ಟಪ್ಪಾಲು ನೋಂದಾಯಿಸುವುದು, ಫಲಾನುಭವಿಗಳ ಪಟ್ಟಿ ಅಪ್‌ಲೋಡ್ ಮಾಡುವುದು, ಎಲ್ಲ ನನ್ನದೇ. ಸಾಹೇಬರ ಬೆರಳಿನ ಗುರುತು ಒತ್ತಬೇಕಾದಾಗ ಮಾತ್ರ ಸಾಹೇಬರು.

ಏಳನೇ ವೇತನ ಆಯೋಗದ ಪ್ರಕಾರ ರಾಜ್ಯದ ನೌಕರರಲ್ಲಿ ಅತಿ ಕೆಳಗಿನವರ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಸಂತೋಷ. ನನ್ನ ಕೈಗೆ ಬರುವುದು ಅದರ ಅರ್ಧ. ಅದೂ ಏಜೆನ್ಸಿಯ ಮೂಲಕ, ಅದೂ ಅನುದಾನ ಬಿಡುಗಡೆಯಾದ ಮೇಲೆ. ಮೂರು ತಿಂಗಳು ಸಂಬಳವಿಲ್ಲದೆ ಕೂತಾಗ ಮನೆ ನಡೆಸಿದ್ದು ಗೃಹಲಕ್ಷ್ಮಿಯ ಎರಡು ಸಾವಿರ. ಹಾಗಾಗಿ ‘ಗ್ಯಾರಂಟಿ ನಿಲ್ಲಿಸಿ ನೌಕರರಿಗೆ ಕೊಡಿ’ ಎಂದು ಇಲ್ಲಿ ಯಾರಾದರೂ ಬರೆದಾಗ ಯಾವ ನೌಕರರಿಗೆ ಎಂದು ಕೇಳಬೇಕೆನಿಸುತ್ತದೆ. 2023ರ ಮಾರ್ಚ್ 1ರಂದು ನಮ್ಮ ಕಚೇರಿಯವರೆಲ್ಲ ಮುಷ್ಕರಕ್ಕೆ ಹೋದರು. ಬೀಗ ತೆಗೆದು ಕೂತವಳು ನಾನು, ಏಕೆಂದರೆ ನಾನು ಒಂದು ದಿನ ಬಾರದಿದ್ದರೆ ಏಜೆನ್ಸಿ ಆ ದಿನದ ಕೂಲಿ ಹಿಡಿಯುತ್ತದೆ. ಆ ಹೋರಾಟದ ಬೇಡಿಕೆ ಪಟ್ಟಿಯಲ್ಲಿ ನಮ್ಮ ಹೆಸರಿತ್ತೇ, ದ್ವಿತೀಯ ದರ್ಜೆ ಸಹಾಯಕ ಸರ್?

ದ್ವಿತೀಯ ದರ್ಜೆ ಸಹಾಯಕ

ಮುಖ್ಯ ಬೇಡಿಕೆಗಳು ಎರಡೇ ಅಕ್ಕಾ, ವೇತನ ಪರಿಷ್ಕರಣೆ ಮತ್ತು ಹಳೆ ಪಿಂಚಣಿ. ನಿಮ್ಮನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಬೈಲಾದಲ್ಲಿ ಅವಕಾಶವಿಲ್ಲ, ಕಾಯಂ ನೌಕರರ ಸಂಘ ಅದು.

ಕಾಟನ್ ಮಿಲ್ ಮೊಮ್ಮಗ

ಬೈಲಾ ಬರೆದವರು ಯಾರು? ಮಿಲ್ಲಿನಲ್ಲಿ ಬದಲಿ ಕಾರ್ಮಿಕರನ್ನು ಸಂಘಕ್ಕೆ ಸೇರಿಸಿಕೊಳ್ಳದಿದ್ದರೆ ಮುಷ್ಕರದ ದಿನ ಮಾಲೀಕ ಅವರನ್ನೇ ಯಂತ್ರದ ಮುಂದೆ ನಿಲ್ಲಿಸುತ್ತಿದ್ದ. ಅಜ್ಜನಿಗೆ ಅಕ್ಷರ ಬಾರದಿದ್ದರೂ ಅದು ತಿಳಿದಿತ್ತು. ನಿಮ್ಮ ಮುಷ್ಕರದ ದಿನ ಕಚೇರಿಯ ಬೀಗ ತೆಗೆದವರು ಯಾರೆಂದು ಈಗಷ್ಟೇ ಓದಿದಿರಿ. ವಿಸ್ಕಾನ್ಸಿನ್‌ನಲ್ಲಿ ಸಂಘ ಮುರಿಯಲು ಕಾಯ್ದೆಯೇ ಬೇಕಾಯಿತು. ಇಲ್ಲಿ ಟೆಂಡರ್ ಸಾಕು.

ನಿವೃತ್ತ ಖಜಾನೆ

ಟೆಂಡರ್ ಸಾಕು ಎಂಬುದು ಲೆಕ್ಕಶೀರ್ಷಿಕೆಯಲ್ಲೂ ಕಾಣುತ್ತದೆ. ಕಾಯಂ ನೌಕರನ ಖರ್ಚು ವೇತನದ ಶೀರ್ಷಿಕೆಯಲ್ಲಿ ಬರುತ್ತದೆ, ಏಜೆನ್ಸಿಗೆ ಕೊಡುವ ಹಣ ಹೆಚ್ಚಾಗಿ ಇತರೆ ವೆಚ್ಚದ ಯಾವುದೋ ಶೀರ್ಷಿಕೆಯಲ್ಲಿ ಸೇರಿಕೊಳ್ಳುತ್ತದೆ. ಸಂಬಳದ ಖರ್ಚು ಹತೋಟಿಯಲ್ಲಿದೆ ಎಂದು ತೋರಿಸಿಕೊಳ್ಳಬಹುದು. ಕೆಲಸ ಅದೇ, ಕುರ್ಚಿ ಅದೇ, ಸಂಬಳದ ಸಾಲಿನಲ್ಲಿ ಆ ಮನುಷ್ಯ ಇಲ್ಲ.

ನಮ್ಮವರಿಗೂ ಏಟು ಬೀಳುವುದಿಲ್ಲ ಎಂದಲ್ಲ. ಕೋವಿಡ್ ಕಾಲದಲ್ಲಿ 18 ತಿಂಗಳ ತುಟ್ಟಿಭತ್ಯೆ ತಡೆಹಿಡಿದರು, ಹಿಂಬಾಕಿ ಬರಲಿಲ್ಲ. ಏಳನೇ ವೇತನ ಆಯೋಗದಲ್ಲಿ ಪರಿಷ್ಕರಣೆಯ ದಿನಾಂಕ 2022ರ ಜುಲೈ 1, ಹಣ ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ. ನಡುವೆ ನಿವೃತ್ತರಾದವರಿಗೆ ಗ್ರಾಚ್ಯುಟಿ, ರಜೆ ನಗದೀಕರಣ ಹಳೆ ಮೂಲವೇತನದ ಮೇಲೆಯೇ. ನಾನೂ ಆ ಸಾಲಿನವನು. ನಾವು ಕೇಳುತ್ತಲೇ ಇದ್ದೇವೆ. ಗಮನಿಸಿದಿರಾ, ಸಂಘದಲ್ಲಿ ಇಂದು ಇರುವವನಿಗೆ ಸಿಕ್ಕಿತು, ನಿನ್ನೆ ಹೊರಬಿದ್ದವನಿಗೆ ಸಿಗಲಿಲ್ಲ.

ಅಕ್ಕಾ, ನಿಮಗೆ ಒಂದು ಕೆಲಸದ ಮಾತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇರುವ ನಿಯಮವಿದು: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಉದ್ಯೋಗದಾತ, ಅಂದರೆ ಆ ಕಚೇರಿಯೇ, ಕೊಟ್ಟು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಭವಿಷ್ಯನಿಧಿಯ ವಂತಿಗೆಗೂ ಮೂಲ ಉದ್ಯೋಗದಾತನ ಹೊಣೆ ಇದೆ. ನಿಮ್ಮ ಯುಎಎನ್ (ಭವಿಷ್ಯನಿಧಿ, ಅಂದರೆ ಪಿಎಫ್ ಖಾತೆಯ) ಸಂಖ್ಯೆ ಹಾಕಿ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿದ್ದೀರಾ?

ಡೇಟಾ ಎಂಟ್ರಿ ಅಕ್ಕ

ಈಗ ನೋಡಿದೆ ಸರ್. ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ಪಿಎಫ್ ಕಡಿತ ತೋರಿಸಿದ್ದಾರೆ. ಪಾಸ್‌ಬುಕ್ಕಿನಲ್ಲಿ ಕಳೆದ ವರ್ಷದ ದೀಪಾವಳಿಯ ತಿಂಗಳಿಂದ ಒಂದು ರೂಪಾಯಿಯೂ ಜಮಾ ಆಗಿಲ್ಲ.

ನಿವೃತ್ತ ಖಜಾನೆ

ಸಂಬಳದ ಚೀಟಿಗಳ ನಕಲು, ಪಾಸ್‌ಬುಕ್ಕಿನ ಮುದ್ರಿತ ಪ್ರತಿ, ಹಾಜರಾತಿಯ ನಕಲು ಜೋಡಿಸಿಟ್ಟುಕೊಳ್ಳಿ. ಒಬ್ಬರೇ ಅರ್ಜಿ ಕೊಡಬೇಡಿ, ಅದೇ ಏಜೆನ್ಸಿಯ ಉಳಿದವರ ಸಹಿಯೂ ಇರಲಿ. ಕಚೇರಿಯ ಮುಖ್ಯಸ್ಥರಿಗೆ ಒಂದು, ಭವಿಷ್ಯನಿಧಿ ಕಚೇರಿಗೆ ಒಂದು, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕರಡು ನಾನು ಬರೆದುಕೊಡುತ್ತೇನೆ.

ದ್ವಿತೀಯ ದರ್ಜೆ ಸಹಾಯಕ

ಏಜೆನ್ಸಿಯ ಬಿಲ್ಲು ಪಾಸು ಮಾಡುವಾಗ ಹಿಂದಿನ ತಿಂಗಳ ಪಿಎಫ್ ಚಲನ್ ಲಗತ್ತಿಸಲೇಬೇಕು. ಅದಿಲ್ಲದೆ ಬಿಲ್ಲು ಹೇಗೆ ಹೋಯಿತು ಎಂದು ಆ ಕಡತ ಹಿಡಿದಿರುವ ಗುಮಾಸ್ತರನ್ನು ಕೇಳಬೇಕು. ಅವರು ನಮ್ಮ ಸಂಘದವರೇ ಆಗಿರುತ್ತಾರೆ.

ಡೇಟಾ ಎಂಟ್ರಿ ಅಕ್ಕ

ಹೌದು ಸರ್. ತಾಲ್ಲೂಕು ಶಾಖೆಯ ಪದಾಧಿಕಾರಿ.